ನರಸಿಂಹ ಬಂದಾಗ ಮಗುವಿನ ವಯಸ್ಸೆಷ್ಟು?

ಮಾಯಾಲೋಕದ ಸಿನಿಮಾ ಎಳೆಯ ಮಕ್ಕಳಿಗೆ ತಕ್ಕುದೇ ಎಂದು ತೂಗುವಾಗ ದೊಡ್ಡವರು ಕಥೆಯನ್ನು ನೋಡುತ್ತಾರೆ, ಮಗು ಮುಖವನ್ನು ನೋಡುತ್ತದೆ. ದೇವರ ಕಥೆ, ಕೊನೆಗೆ ಒಳ್ಳೆಯದೇ ಗೆಲ್ಲುತ್ತದೆ ಎಂಬುದು ದೊಡ್ಡವರ ಧೈರ್ಯ. ನಾಲ್ಕು ವರ್ಷದ ಮಗುವಿಗೆ ಆ ಕೊನೆ ಇನ್ನೂ ಬಂದಿರುವುದಿಲ್ಲ. ಎದುರಿಗಿರುವುದು ಕೋರೆಹಲ್ಲು ಮಾತ್ರ.

ಪ್ರಹ್ಲಾದನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಬಾಲಕ ಪುನೀತ್ ಪ್ರಹ್ಲಾದ. 2025ರಲ್ಲಿ ಅದೇ ಕಥೆ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರವಾಗಿ ಕನ್ನಡದಲ್ಲೂ ಬಂತು. ಅನಿಮೇಷನ್ ಎಂದಾಕ್ಷಣ ಕೂಸುಗಳ ಸಿನಿಮಾ ಎಂದು ತಿಳಿಯುವಂತಿಲ್ಲ. ನರಸಿಂಹ ಕಾಯಲು ಬಂದವನೇ ಆದರೂ, ಕಂಬ ಸೀಳಿ ಹೊರಬೀಳುವ ಆ ಮುಖವೇ ಸಣ್ಣ ಮಗುವಿಗೆ ರಕ್ಕಸನಿಗಿಂತ ಭೀಕರವಾಗಿ ಕಾಣಬಹುದು.

ಅಮೆರಿಕದ ಸಂವಹನ ವಿದ್ವಾಂಸೆ ಜೋಆನ್ ಕ್ಯಾಂಟರ್ ಅವರ ಅಧ್ಯಯನಗಳು ಇದನ್ನೇ ಹೇಳುತ್ತವೆ. ಸಿಟ್ಟು ಬಂದರೆ ಹಸಿರು ದೈತ್ಯನಾಗಿ ಬದಲಾಗುವ ‘ಹಲ್ಕ್’ ಧಾರಾವಾಹಿಯ ನಾಯಕ ಕಷ್ಟದಲ್ಲಿದ್ದವರಿಗೆ ನೆರವಾಗುವವನು. ಆದರೂ ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಅವನ ರೂಪಾಂತರಕ್ಕೇ ಹೆಚ್ಚು ಹೆದರಿದರು. ಸುಮಾರು ಏಳೆಂಟು ವರ್ಷದ ಹೊತ್ತಿಗೆ ಮಗು ವೇಷದ ಹಿಂದಿನ ಉದ್ದೇಶವನ್ನು ಅರಿಯತೊಡಗುತ್ತದೆ. ಆಗ ಭಯವೂ ಜಾಗ ಬದಲಿಸುತ್ತದೆ. ಸಿಂಹದ ಮುಖಕ್ಕೆ ಅಂಜದ ಹತ್ತರ ಹುಡುಗ, ಹೆತ್ತ ತಂದೆಯೇ ಮಗನನ್ನು ಬೆಂಕಿಗೆ ತಳ್ಳಿಸಿದ್ದಕ್ಕೆ ಕಳವಳಪಡಬಹುದು.

ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಇಲ್ಲಿ ಮೊದಲ ಸುಳಿವು. ಹಿಂದೆ ‘ಯು/ಎ’ ಎಂಬುದು ಒಂದೇ ದರ್ಜೆಯಾಗಿತ್ತು. 2023ರ ಕಾನೂನು ತಿದ್ದುಪಡಿಯ ನಂತರ ಅದು 7, 13, 16 ವರ್ಷ ಮೇಲ್ಪಟ್ಟವರು ಎಂದು ಮೂರಾಯಿತು. ಆದರೆ ಈ ಅಂಕೆಗಳು ತಂದೆತಾಯಿಗಳಿಗೆ ಸಲಹೆಯೇ ಹೊರತು ಬಾಗಿಲಲ್ಲಿ ತಡೆಯುವ ನಿಯಮವಲ್ಲ. ತಡೆ ಇರುವುದು ‘ಎ’ ದರ್ಜೆಗೆ. ಮಂಡಳಿ ಇಡೀ ದೇಶದ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಮನೆಯ ಕೂಸು ಯಾವುದಕ್ಕೆ ಬೆಚ್ಚುತ್ತದೆ ಎಂಬುದು ಮನೆಯವರಿಗೇ ಗೊತ್ತು.

ರೋಣ, ನರಗುಂದ, ಗಜೇಂದ್ರಗಡ ಸೀಮೆಗೆ ಭೀಕರ ವೇಷ ಹೊಸದಲ್ಲ. ಜಾತ್ರೆಯಲ್ಲಿ ವೀರಭದ್ರನ ಭಕ್ತರಾದ ಪುರವಂತರು ಕತ್ತಿ ಹಿಡಿದು ಒಡಪು ಹೇಳುತ್ತಾರೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಯ ರಕ್ಕಸ ಅಬ್ಬರಿಸುತ್ತಾನೆ. ಆದರೆ ರಕ್ಕಸ ರಂಗಕ್ಕೆ ಬಂದೊಡನೆ ಆಟ ನಡೆಸುವ ಸಾರಥಿ ಅವನನ್ನು ಮಾತಾಡಿಸಿ ಹೆಸರು ಕೇಳುತ್ತಾನೆ. ವೇಷದೊಳಗಿರುವವನು ಊರಿನವನೇ. ಮಗು ಅಂಜಿದರೆ ಅಜ್ಜಿಯ ಸೆರಗಿದೆ, ಎದ್ದು ಹೋಗಲು ಬಯಲಿದೆ. ಟಾಕೀಸಿನ ಕತ್ತಲೆ, ಎದೆ ನಡುಗಿಸುವ ಸದ್ದು, ಪರದೆ ತುಂಬುವ ಮುಖ ಈ ಬಿಡುವನ್ನು ಕೊಡುವುದಿಲ್ಲ.

ಆದ್ದರಿಂದ ದೊಡ್ಡವರಲ್ಲಿ ಒಬ್ಬರು ಸಿನಿಮಾವನ್ನು ಮೊದಲೇ ನೋಡಿರುವುದು ಒಳಿತು. ನೋಡುವಾಗ ಗಮನಿಸಬೇಕಾದವು ಕೆಲವೇ: ರೂಪ ಒಮ್ಮೆಲೇ ಬದಲಾಗುವ ದೃಶ್ಯ, ದಿಢೀರನೆ ಬಡಿಯುವ ಸದ್ದು, ತಾಯಿತಂದೆಯಿಂದ ಅಗಲುವ ಅಥವಾ ಅವರಿಂದಲೇ ಕೇಡು ಬರುವ ಸಂದರ್ಭ, ರಕ್ತ. ಇವು ದಟ್ಟವಾಗಿದ್ದರೆ ಟಾಕೀಸಿನ ಬದಲು ಮನೆಯ ಟಿವಿ ಲೇಸು. ಅಲ್ಲಿ ಸದ್ದು ತಗ್ಗಿಸಬಹುದು, ನಿಲ್ಲಿಸಲೂಬಹುದು. ಬೆದರಿದ ಮಗುವಿಗೆ “ಅದು ಖರೆ ಅಲ್ಲ, ಅಂಜಬ್ಯಾಡ” ಎಂಬ ಸಮಜಾಯಿಷಿ ಎಂಟರ ನಂತರ ನಾಟೀತು. ಅದಕ್ಕಿಂತ ಸಣ್ಣವರಿಗೆ ತೊಡೆ, ನೀರು, ಹೊರಗಿನ ಬೆಳಕೇ ಮದ್ದು.

ಮರುದಿನ ಮಗು ತಾನೇ ನರಸಿಂಹನಾಗಿ ಆಡಿದರೆ ಸಿನಿಮಾ ಅರಗಿದೆ. ನಿದ್ದೆಯಲ್ಲಿ ಚೀರಿದರೆ, ಒಬ್ಬಂಟಿಯಾಗಿ ಬಚ್ಚಲಿಗೆ ಹೋಗಲು ಒಲ್ಲೆನೆಂದರೆ, ಅಂಥ ಸಿನಿಮಾವನ್ನು ಒಂದೆರಡು ವರ್ಷ ಮುಂದೂಡಬೇಕು.