ಚಳ್ಳಕೆರೆ–ಮೊಳಕಾಲ್ಮೂರು ಬಸ್ಸಲ್ಲಿ 'ಜ್ಯೋತಿ'

(1/3)
ಫೋಟೋದಲ್ಲಿರೋದು ತಳುಕು ದಾಟಿದ ಮೇಲಿನ ಬಯಲು. ಬಸ್ ಕಿಟಕಿಯಿಂದ ತೆಗ್ದಿದ್ದು, ಗಾಜಿನ ಧೂಳಿಗೆ ಕ್ಷಮೆ ಇರಲಿ. ಶನಿವಾರ ಕ್ಲಾಸ್ ಮುಗಿಸ್ಕೊಂಡು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋದು ನನ್ನ ರೂಢಿ, ನಿಮಗೆಲ್ಲ ಗೊತ್ತು. ಅಲ್ಲಿ ತಾತ ಇದಾರೆ. ಯಾಕೆ ವಾರವಾರ ಹೋಗ್ತೀನಿ ಅಂತ ಇಲ್ಲಿ ಯಾವತ್ತೂ ಬರೆದಿರ್ಲಿಲ್ಲ. ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯ್ತು. ಬಲಗೈ ಅರ್ಧ ಹೋಯ್ತು, ಮಾತು ಪೂರ್ತಿ ಹೋಯ್ತು. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದ ಕೈ ಅದು.

ಇವತ್ತು ಹೇಳ್ಬೇಕಾಗಿರೋದು ಒಂದು ಆಲ್ಬಂ ಬಗ್ಗೆ. ತಾತ ಮಧ್ಯದಲ್ಲಿ ಬರ್ತಾರೆ, ತಡೀರಿ.

ಕೊನ್ನಕ್ಕೋಲ್ ರೀಲ್ಸ್ ಜಾಸ್ತಿ ನೋಡ್ತೀನಿ ಅಂತ ಮ್ಯೂಸಿಕ್ ಆ್ಯಪ್ ತಾನೇ ಒಂದು ಹೆಸರು ತಂದು ಮುಂದಿಡ್ತು. 'ಜ್ಯೋತಿ', 1983. ಚಾರ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಗಾಯನ ಆರ್.ಎ. ರಮಾಮಣಿ. ಯಾವುದೋ ಕಾಲೇಜಿನ ಆ್ಯನುಯಲ್ ಡೇ ರೆಕಾರ್ಡಿಂಗ್ ಅನ್ಕೊಂಡೆ, ಸತ್ಯವಾಗ್ಲೂ! ಆಮೇಲೆ ಹುಡುಕಿ ನೋಡಿದ್ರೆ ಅದು ಬೆಂಗಳೂರಲ್ಲಿ ಟಿ.ಎ.ಎಸ್. ಮಣಿ ಅನ್ನೋ ಮೃದಂಗ ವಿದ್ವಾಂಸರು 1964ರಲ್ಲಿ ಶುರು ಮಾಡಿದ ತಾಳವಾದ್ಯ ಶಾಲೆ. ರಮಾಮಣಿ ಅವರ ಹೆಂಡತಿ. ಹಾಡೋದೂ ಅವರೇ, ಸಂಗೀತ ಕಟ್ಟೋದೂ ಅವರೇ. ಕಪಿಲ್ ದೇವ್ ಕಪ್ ಎತ್ತಿದ ವರ್ಷವೇ, ಫೆಬ್ರವರಿಯಲ್ಲಿ, ಇವರೆಲ್ಲ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನ ಸ್ಟುಡಿಯೋದಲ್ಲಿ ಕೂತು ಇದನ್ನ ರೆಕಾರ್ಡ್ ಮಾಡಿದ್ರು. ಹೊರಗೆ ತಂದಿದ್ದು ಇಸಿಎಂ ಅನ್ನೋ ಅಲ್ಲಿನ ಕಂಪನಿ. 2017ರ ನವೆಂಬರ್‌ವರೆಗೂ ಆ ಕಂಪನಿಯ ಆಲ್ಬಂಗಳು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಬಂದಿರ್ಲಿಲ್ಲ. ಅಂದ್ರೆ ನಮ್ಮ ಸೀನಿಯರ್‌ಗಳಿಗೆ ಬಸ್ಸಲ್ಲಿ ಕೂತು ಇದು ಕೇಳೋ ಯೋಗ ಇರ್ಲಿಲ್ಲ.

(2/3)
ಆರೇ ಟ್ರ್ಯಾಕ್. ಮೊದಲನೇದರ ಹೆಸರೇ 'ವಾಯ್ಸ್ ಸೋಲೊ'. ಇಯರ್‌ಫೋನ್ ಹಾಕ್ಕೊಂಡು ಸಾಹಿತ್ಯ ಯಾವಾಗ ಶುರುವಾಗುತ್ತೆ ಅಂತ ಕಾದೆ. ಬರ್ಲೇ ಇಲ್ಲ. ಬರೀ ದನಿ. ಕೆಳಗೆ ಹೋಗುತ್ತೆ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೆ, ಏನೋ ನೆನಪಾದಂಗೆ ಮೇಲೆ ಬರುತ್ತೆ. ನಾನು ಹಾಡು ಅಂದ್ರೆ ಲಿರಿಕ್ಸ್ ಅನ್ನೋ ಪಾರ್ಟಿ. ಸ್ಟೇಟಸ್‌ಗೆ ಹಾಕೋಕೆ ಎರಡು ಸಾಲು ಸಿಗ್ಲಿಲ್ಲ ಅಂದ್ರೆ ಮುಂದಿನ ಹಾಡು. ಇದನ್ನ ಮಾತ್ರ ಮುಂದಕ್ಕೆ ತಳ್ಳೋಕೆ ಆಗ್ಲಿಲ್ಲ.

ಆಮೇಲೆ ಸ್ಯಾಕ್ಸೊಫೋನ್ ಬರುತ್ತೆ. ಮರಿಯಾನೊ ಅಮೆರಿಕದ ಬಾಸ್ಟನ್ನಿನವರು, ಚಾರ್ಲ್ಸ್ ಮಿಂಗಸ್ ಅಂಥ ದೊಡ್ಡ ಜಾಝ್ ದೊರೆ ಜೊತೆ ನುಡಿಸಿದವರು. ಈ ರೆಕಾರ್ಡಿಂಗ್ ಹೊತ್ತಿಗೆ ಅವರಿಗೆ 59. ನನಗೆ ಮಾತ್ರ ಅದು ಮದುವೆ ಮನೆ ಓಲಗದ ಥರ ಕೇಳಿಸ್ತು. ಹಳ್ಳಿ ಕಿವಿ ಅಂತ ನನ್ನನ್ನೇ ಬೈಕೊಂಡೆ. ಆದ್ರೆ ಓದಿದ್ರೆ ಏನು ಗೊತ್ತಾ, ಆ ಮನುಷ್ಯ 1970ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲ್ತಿದ್ದಾರೆ! ನನ್ನ ಕಿವಿ ಸರಿಯಾಗೇ ಇತ್ತು.

ಜಾಝ್ ಅಂದ್ರೆ ದೊಡ್ಡ ಹೋಟೆಲ್ ಲಿಫ್ಟಲ್ಲಿ ಬರೋ ಮ್ಯೂಸಿಕ್ ಅನ್ಕೊಂಡಿದ್ದೋರಿಗೆ ಒಂದು ಮಾತು. ಅದು ಆಫ್ರಿಕನ್ ಅಮೆರಿಕನ್ ಜನ ನ್ಯೂ ಆರ್ಲಿಯನ್ಸ್‌ನಲ್ಲಿ ಕಟ್ಟಿದ ಸಂಗೀತ. ಒಂದು ಸ್ವರದ ಜಾಡು ಹಿಡಿದು ಅಲ್ಲೇ, ಆ ಕ್ಷಣಕ್ಕೆ ಬೆಳೆಸೋದು ಅದರ ಜೀವ. ನಮ್ಮ ಕಡೆ ಇದಕ್ಕೆ ಮನೋಧರ್ಮ ಅಂತಾರೆ. 'ಜ್ಯೋತಿ'ಯಲ್ಲಿ ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ. ತಂಬೂರಿ, ಮೃದಂಗ, ಘಟ, ಮೋರ್ಸಿಂಗ್, ಖಂಜರಿ, ಅಷ್ಟೇ. ರಮಾಮಣಿ ಒಂದು ಹೇಳ್ತಾರೆ, ಸ್ಯಾಕ್ಸೊಫೋನ್ ಅದನ್ನ ಕೇಳಿಸ್ಕೊಂಡು ಉತ್ತರ ಕೊಡುತ್ತೆ. ಇಬ್ರೂ ಗೆಲ್ಲೋಕೆ ನೋಡಲ್ಲ. ಕೆಲವು ಫ್ಯೂಷನ್ ವಿಡಿಯೋಗಳಲ್ಲಿ ಇಬ್ರೂ ಓಟಕ್ಕೆ ಬಿದ್ದಂಗೆ ನುಡಿಸ್ತಾರಲ್ಲ, ಆ ಗೋಳು ಇಲ್ಲಿಲ್ಲ.

ಎಲ್ಲಾ ಕಡೆ ಹಿಡಿಸ್ತು ಅಂತ ಸುಳ್ಳು ಹೇಳಲ್ಲ. ಕೊಳಲು ಬಂದಾಗ ಒಂದ್ಸಲ ತೂಕಡಿಸಿದೀನಿ. ಅದಕ್ಕೆ ಬಸ್ಸೂ ಕಾರಣ ಇರ್ಬಹುದು.

(3/3)
ಈಗ ತಾತ. (ಸ್ವೈಪ್ ಮಾಡಿ, ಎರಡನೇ ಫೋಟೋ ಅವರ ಗುಂಡಿ ಮಗ್ಗ. ಈಗ ಚಿಕ್ಕಪ್ಪ ನೇಯ್ತಾರೆ.)

ಮಾತಿನ ಜಾಗ ಹೆಚ್ಚಿನವರಿಗೆ ಮೆದುಳಿನ ಎಡಗಡೆ ಇರುತ್ತೆ. ಅಲ್ಲಿ ಪೆಟ್ಟಾದ್ರೆ ಬಲಗೈ, ಮಾತು ಎರಡೂ ಸೋಲ್ತಾವೆ. ಆದ್ರೂ ಕೆಲವರಿಗೆ ಹಾಡು, ಲಯ ಉಳಿಯುತ್ತೆ. ಇದನ್ನೆಲ್ಲ ಆಮೇಲೆ ಓದ್ಕೊಂಡೆ. ಮೊದಲು ನಾನು ಮಾಡ್ತಿದ್ದದ್ದು ಬೇರೆ. ತಾತ "ಅಅ... ಬಬ..." ಅಂತ ಏನೋ ಹೇಳೋಕೆ ಒದ್ದಾಡ್ತಿದ್ರೆ ನಾನು ಅರ್ಥ ಆದವರ ಥರ "ಹೂಂ ತಾತ, ಹೂಂ" ಅಂತ ತಲೆ ಆಡಿಸಿ ಫೋನ್ ನೋಡ್ತಿದ್ದೆ. ನಾನು ಸುಳ್ಳು ಹೂಂ ಅಂತಿದೀನಿ ಅಂತ ಅವರಿಗೆ ಗೊತ್ತಾಗ್ತಿತ್ತು. ಮುಖ ಆ ಕಡೆ ತಿರುಗಿಸ್ತಿದ್ರು. ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ.

ಹೋದ ಶನಿವಾರ ಅವರ ಎಡ ಕಿವಿಗೆ ಒಂದು ಇಯರ್‌ಫೋನ್, ನನ್ನ ಬಲ ಕಿವಿಗೆ ಒಂದು. ರಮಾಮಣಿ ಒಬ್ರೇ ಹಾಡೋವಾಗ ತಾತ ನನ್ನ ಮುಖ ನೋಡಿದ್ರು, ಏನಿದು ಅನ್ನೋ ಥರ. ಮೃದಂಗ, ಘಟ ಬಂದಾಗಲೂ ಸುಮ್ನಿದ್ರು. ಕೊನ್ನಕ್ಕೋಲ್ ಬಂತು ನೋಡಿ. ಬಾಯಲ್ಲೇ ತಾಳ ನುಡಿಸೋದು ಅದು, ತಕಿಟ ಅಂದ್ರೆ ಮೂರು, ತಕಧಿಮಿ ಅಂದ್ರೆ ನಾಲ್ಕು. ಅರ್ಥ ಇಲ್ಲದ ಅಕ್ಷರ, ಲೆಕ್ಕ ಮಾತ್ರ ಪಕ್ಕಾ. ತಾತನ ಎಡಗೈ ಮಂಚದ ಚೌಕಟ್ಟಿನ ಮೇಲೆ ಬಡಿಯೋಕೆ ಶುರುವಾಯ್ತು. ಮೊದಲು ತಪ್ತು. ನಿಲ್ಲಿಸಿದ್ರು. ಮತ್ತೆ ಹಿಡಿದ್ರು, ಈ ಸಲ ಸರಿ ಬಿತ್ತು. ಲಾಳಿ ಓಡಿಸಿ ಹಣಿಗೆ ಬಡಿಯೋ ಕೈಗೆ ಲೆಕ್ಕ ಯಾರಾದ್ರೂ ಹೇಳ್ಕೊಡ್ಬೇಕಾ! ಪಕ್ಕದ ಕೋಣೇಲಿ ಚಿಕ್ಕಪ್ಪ ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ್ರು. ತಾತನ ತುಟಿ ಅಲ್ಲಾಡ್ತಿತ್ತು. "ತ" ಅಂತ ಒಂದು ಸಲ ಕೇಳಿಸ್ತು. ಇನ್ನೊಂದು ಸಲ ಕೇಳಿಸ್ಲಿಲ್ಲ, ಇಲ್ಲಾ ನನಗೆ ಹಂಗನ್ನಿಸ್ತೋ.

ಅಜ್ಜಿ ಬಂದು "ಯಾವ ಸಿನಿಮಾದ್ದು ಅದು?" ಅಂದ್ರು. ಸಿನಿಮಾದ್ದಲ್ಲ ಅಜ್ಜಿ, ಬೆಂಗಳೂರಿನವರದ್ದು, ಜರ್ಮನಿಯಲ್ಲಿ ಮಾಡಿದ್ದು ಅಂದೆ. "ಅದಕ್ಕೇ ತಿಳೀತಿಲ್ಲ" ಅಂದ್ರು. ತಾತ ನಕ್ರು. ಸ್ಟ್ರೋಕ್ ಆದ್ಮೇಲೆ ಅವರ ನಗು ಒಂದೇ ಕಡೆ ಬರುತ್ತೆ.

ಟಿ.ಎ.ಎಸ್. ಮಣಿ 2020ರಲ್ಲಿ ತೀರ್ಕೊಂಡ್ರು, ಮರಿಯಾನೊ 2009ರಲ್ಲೇ. ಗೊತ್ತಿದ್ರೆ ಇದನ್ನ ಬರೆದು ಕಳಿಸ್ತಿದ್ದೆ.

ಭಾನುವಾರ ಬೆಳಿಗ್ಗೆ ಟೀ ತಗೊಂಡು ಹೋದ್ರೆ ತಾತ ಲೋಟ ಮುಟ್ಲಿಲ್ಲ. ಎಡಗೈ ಬೆರಳು ಕಿವಿ ಹತ್ರ ತಗೊಂಡ್ಹೋಗಿ ತೋರಿಸಿದ್ರು. ಫೋನಲ್ಲಿ ಚಾರ್ಜ್ 12 ಪರ್ಸೆಂಟ್ ಇತ್ತು. ಹಾಕಿದೆ.