ಅಂಟಿನ ಋಣ

ರಂಜಾನ್ ತಿಂಗಳ ಒಂದು ಸಂಜೆ ಆರ್.ಟಿ. ನಗರದಲ್ಲಿ ಶರಬತ್ತಿನ ಗಾಡಿಯ ಮುಂದೆ ನಿಂತಿದ್ದೆ. ಹುಡುಗ ಗ್ಲಾಸಿಗೆ ಗುಲಾಬಿ ಬಣ್ಣದ ಹಾಲು ಸುರಿದು, ಪಕ್ಕದ ಬೋಗುಣಿಯಿಂದ ಬೆಳ್ಳಗಿನ ಲೋಳೆಯನ್ನು ಚಮಚದಲ್ಲಿ ಎತ್ತಿ ಹಾಕಿದ. "ಇದೇನಪ್ಪಾ?" ಎಂದೆ. "ಗೋಂದ್ ಕತೀರ ಅಂಕಲ್. ರಾತ್ರಿ ಒಂದು ಹಿಡಿ ನೆನೆಹಾಕಿದ್ರೆ ಬೆಳಗ್ಗೆ ಪಾತ್ರೆ ತುಂಬ ಆಗಿರ್ತದೆ. ಹೊಟ್ಟೆಗೆ ತಂಪು." ಕತೀರದ ಹೆಸರಿನಲ್ಲಿ ಒಮ್ಮೆ ಇರಾನ್ ಕಡೆಯ ಮುಳ್ಳುಗಿಡದ ಅಂಟು ಬರುತ್ತದೆ, ಒಮ್ಮೆ ನಮ್ಮ ಕಾಡಿನ ಕರಾಯ ಅಂಟು. ಗಾಡಿಯಲ್ಲಿದ್ದದ್ದು ಯಾವುದೋ ಅವನಿಗೂ ಗೊತ್ತಿರಲಿಲ್ಲ. ಕರಾಯವೇ ಇರಲಿ ಎಂದು ನಾನು ಆಸೆಪಟ್ಟೆ. ನನ್ನ ಹೊಟ್ಟೆಗೂ ಆ ಅಂಟಿಗೂ ಸಂಬಂಧವಿದೆ.

ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು, ಆ ಬಾಯಿಗೆ, ಅಂದರೆ ಸ್ಟೋಮಾಕ್ಕೆ, ಮಲ ತುಂಬುವ ಚೀಲ ಅಂಟಿಸುವ ಆಪರೇಷನ್ ನನಗಾಯಿತು. ಅದರ ಕಥೆ ಎಲ್ಲರ ಮನೆಯಲ್ಲೂ ಒಂದೇ, ಹೇಳುವುದಿಲ್ಲ. ಹಿಂದಿನ ದಿನ ಸ್ಟೋಮಾ ನರ್ಸ್ ಮಾರ್ಕರ್ ಪೆನ್ನು ಹಿಡಿದು ಬಂದದ್ದನ್ನು ಮಾತ್ರ ಹೇಳಬೇಕು. ನಿಲ್ಲಿಸಿದರು, ಕೂರಿಸಿದರು, ಬಗ್ಗಿಸಿದರು. ಹೊಟ್ಟೆ ಎಲ್ಲಿ ಮಡಿಕೆ ಬೀಳುತ್ತದೆ, ಪಂಚೆ ಎಲ್ಲಿ ಕಟ್ಟುತ್ತೀರಿ, ಪ್ಯಾಂಟಿನ ಬೆಲ್ಟ್ ಎಲ್ಲಿ ಬರುತ್ತದೆ ಎಂದೆಲ್ಲ ವಿಚಾರಿಸಿ, ಎಡಹೊಟ್ಟೆಯ ಮೇಲೆ ಒಂದು ಚುಕ್ಕೆ ಇಟ್ಟರು. ಆಮೇಲೆ ನನ್ನ ಉಡುದಾರವನ್ನು ಬೆರಳಿನಲ್ಲಿ ಎತ್ತಿ, "ಇದನ್ನ ತೆಗೀಬೇಕಾಗತ್ತೆ ಸರ್" ಎಂದರು. ಮಡಿಕೆಯ ಮೇಲೋ ಬೆಲ್ಟಿನ ಕೆಳಗೋ ಚುಕ್ಕೆ ಬಿದ್ದರೆ ಚೀಲ ಅಂಟಿ ಕೂರುವುದಿಲ್ಲ. ಉಳಿದ ಆಯುಷ್ಯವೆಲ್ಲ ಎದ್ದು ಓಡಾಡುತ್ತೀರೋ ಮನೆಯಲ್ಲೇ ಕೂರುತ್ತೀರೋ ಎಂಬುದನ್ನು ಆ ಚುಕ್ಕೆಯೂ ಒಂದಿಷ್ಟು ಅಂಟೂ ಸೇರಿ ತೀರ್ಮಾನಿಸುತ್ತವೆ.

ಜಕ್ಕೂರು ಕೆರೆಯ ವಾಕಿಂಗ್ ಬಳಗ ಇದನ್ನು ಒಪ್ಪುವುದಿಲ್ಲ. "ಎಲ್ಲಾ ನಿಮ್ಮ ವಿಲ್ ಪವರ್ ಬಿಡಿ ಸಾರ್" ಅನ್ನುತ್ತಾರೆ. ಆದರೆ ವಿಲ್ ಪವರ್‌ಗೆ ಹಿಂದಿನವರಲ್ಲೇನು ಕೊರತೆಯಿತ್ತು? 1776ರಲ್ಲಿ ಫ್ರಾನ್ಸಿನ ರೂಆನ್ ಊರಿನ ದ್ರಾಕ್ಷಾರಸದ ವ್ಯಾಪಾರಿ ಮೊರೆಲ್ ಎಂಬಾತನಿಗೆ ಕರುಳು ಕಟ್ಟಿತು. ಕಟ್ಟು ಬಿಡಿಸಲು ರಾಶಿ ಪಾದರಸ ಕುಡಿಸಿ ಸೋತ ಮೇಲೆ, ಪಿಲ್ಲೋರ್ ಎಂಬ ಶಸ್ತ್ರವೈದ್ಯ ಹೊಟ್ಟೆ ಕೊಯ್ದು ಕರುಳಿಗೆ ಹೊರದಾರಿ ಮಾಡಿದ. ಅರಿವಳಿಕೆ ಇಲ್ಲದ ಕಾಲ. ಆ ಬಾಯಿಯ ಮೇಲೆ ಸ್ಪಂಜಿಟ್ಟು ಪಟ್ಟಿ ಬಿಗಿದರು. ವ್ಯಾಪಾರಿ 28ನೇ ದಿನ ತೀರಿಕೊಂಡ, ಅದೂ ಕೊಯ್ದದ್ದರಿಂದಲ್ಲ, ಕುಡಿಸಿದ ಪಾದರಸದಿಂದ. 1793ರಲ್ಲಿ ಬ್ರೆಸ್ಟ್ ಊರಿನ ಡ್ಯೂರೆ ಗುದದ್ವಾರವಿಲ್ಲದೆ ಹುಟ್ಟಿದ ಮಗುವಿಗೆ ಇದೇ ಕೆಲಸ ಮಾಡಿದ. ಆ ಮಗು 45 ವರ್ಷ ಬದುಕಿತು. ಆ 45 ವರ್ಷ ಅದು ಏನು ಕಟ್ಟಿಕೊಂಡು ತಿರುಗಿತೋ ಎಂದು ನಾನು ಆಗಾಗ ಯೋಚಿಸುತ್ತೇನೆ. ಕೊಯ್ಯುವುದನ್ನು ಮನುಷ್ಯ ಬೇಗ ಕಲಿತ. ಅಂಟಿಸುವುದನ್ನು ಕಲಿಯಲು ಮತ್ತೂ ಒಂದೂವರೆ ಶತಮಾನ ಹಿಡಿಯಿತು.

ಕಲಿತದ್ದಾದರೂ ಎಲ್ಲಿಂದ? ಬೊಚ್ಚುಬಾಯಿಯಿಂದ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಒಸಡಿಗೆ ಹಿಡಿಯಲೆಂದು ಅಮೆರಿಕದಲ್ಲಿ ಒಂದು ಪುಡಿ ಬಳಸುತ್ತಿದ್ದರು. ಅದು ಕರಾಯ. ಒದ್ದೆಯಾದಷ್ಟೂ ಹಿಡಿದುಕೊಳ್ಳುವುದು ಅದರ ಗುಣ. 1952ರ ಸುಮಾರಿಗೆ ಕ್ಲೀವ್‌ಲ್ಯಾಂಡಿನ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಅದನ್ನು ಸ್ಟೋಮಾದ ಸುತ್ತ ಹಚ್ಚಿ ನೋಡಿದರು. ಹಸಿಯಾಗಿ ಸುಲಿದ ಚರ್ಮಕ್ಕೂ ಅದು ಹಿಡಿಯಿತು. ಇದನ್ನು ಹಚ್ಚುವ ಬಗೆಯನ್ನು ಊರಿಗೆಲ್ಲ ಕಲಿಸಲು 1958ರಲ್ಲಿ ಅವರು ನೇಮಿಸಿಕೊಂಡದ್ದು ತಮ್ಮ ರೋಗಿಯಾಗಿದ್ದ ನೋರ್ಮಾ ಗಿಲ್ ಎಂಬ ಗೃಹಿಣಿಯನ್ನು. ಆಕೆ ನರ್ಸ್ ಅಲ್ಲ. ತನ್ನ ಹೊಟ್ಟೆಯ ಮೇಲೂ ಚೀಲವಿತ್ತು ಎಂಬುದೇ ಆಕೆಯ ಡಿಗ್ರಿ. ಡೆನ್ಮಾರ್ಕಿನಲ್ಲಿ ಎಲಿಸೆ ಸೊರೆನ್ಸನ್ ಎಂಬ ನರ್ಸ್, ಹೊರಗೆ ಕಾಲಿಡಲು ಅಂಜುತ್ತಿದ್ದ ತನ್ನ ತಂಗಿಗಾಗಿ 1954ರಲ್ಲಿ ಅಂಟುವ ಚೀಲ ಯೋಚಿಸಿದ್ದೂ ದೊಡ್ಡ ಕಥೆಯೇ. ನನ್ನ ಪಕ್ಷಪಾತ ಮಾತ್ರ ಕರಾಯದ ಕಡೆಗೆ.

ಯಾಕೆಂದರೆ ಅದು ನಮ್ಮದು. ಒಣ ಕಲ್ಲುಗುಡ್ಡಗಳಲ್ಲಿ ಬೆಳೆಯುವ, ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಬಿಳೀ ತೊಗಟೆಯಲ್ಲಿ ನಿಲ್ಲುವ ಮರ. ಸಸ್ಯಶಾಸ್ತ್ರದವರು ಸ್ಟರ್ಕ್ಯೂಲಿಯ ಯೂರೆನ್ಸ್ ಅನ್ನುತ್ತಾರೆ. ಆಂಧ್ರ, ಮಧ್ಯಪ್ರದೇಶಗಳ ಆದಿವಾಸಿಗಳು ತೊಗಟೆ ಕೆತ್ತಿ, ಒಸರಿದ ಅಂಟನ್ನು ಕೂಡಿಸಿ, ಕಸ ಆರಿಸಿ ಮಾರುತ್ತಾರೆ. 1956ರಲ್ಲಿ ಶುರುವಾದ ವಿಶಾಖಪಟ್ಟಣದ ಗಿರಿಜನ ಸಹಕಾರ ನಿಗಮ ಅದನ್ನು ಕೊಳ್ಳುತ್ತದೆ. ಆಸೆಗೆ ಆಳವಾಗಿ ಕೆತ್ತಿದ ಕಡೆ ಮರಗಳೇ ಸತ್ತವು. ಅಂಟು ಕೂಡಿಸಿದ ಆದಿವಾಸಿಗೆ ಅದು ಎಲ್ಲಿಗೆ ಹೋಯಿತೆಂದು ಯಾರು ಹೇಳಿದ್ದಾರು? ಕ್ಲೀವ್‌ಲ್ಯಾಂಡಿನ ಯಾವಳೋ ಹೆಂಗಸು ಮತ್ತೆ ಸಿನಿಮಾಕ್ಕೆ ಹೋದದ್ದು ಅವನ ಕೈಕೊಡಲಿಯಿಂದ. ಚೀಲವನ್ನು ಮೈಗೆ ಹಿಡಿಸುವ ಈಗಿನ ಅಂಟುಬಿಲ್ಲೆಗಳಲ್ಲಿ, ಅಂದರೆ ಫ್ಲೇಂಜುಗಳಲ್ಲಿ, ಕರಾಯದ ಜಾಗಕ್ಕೆ ಪೆಕ್ಟಿನ್, ಜೆಲಟಿನ್ ಬಂದು ಕೂತಿವೆ. ಆ ಅಂಟೂ ಮೊದಲು ಬಾಯಿಹುಣ್ಣಿಗೆ ಹಚ್ಚಲು ಮಾಡಿದ್ದಂತೆ. ಕೆಳಗಿನವರಿಗೆ ಬಂದದ್ದೆಲ್ಲ ಮೇಲಿನ ಬಾಯಿಯಿಂದಲೇ.

ಹುಬ್ಬಳ್ಳಿಯ ಅಕ್ಕನಿಗೆ ಈ ಚರಿತ್ರೆ ಬೇಕಿರಲಿಲ್ಲ. ಸಂಪರ್ಕ ಕ್ರಾಂತಿ ರೈಲಿನಿಂದ ಯಶವಂತಪುರದಲ್ಲಿ ಇಳಿದವಳೇ ಡಬ್ಬಿ ತೆಗೆದಳು: ಅಂಟಿನುಂಡಿ. "ಅಕ್ಕಾ, ಅದು ಬಾಣಂತಿಗೆ" ಅಂದೆ. "ಹೊಟ್ಟಿ ಕೊಯ್ಸಿಕೊಂಡೀ, ಬಾಣಂತಿಗಿಂತ ಏನ ಕಡಿಮಿ? ಸುಮ್ನ ತಿನ್ನು" ಅಂದಳು. ಅದು ಜಾಲಿಯ ಜಾತಿಯ ಅಂಟು, ಕರಾಯವಲ್ಲ. ತಿಂದೆ. ಹೊಟ್ಟೆಯ ಒಳಗೂ ಅಂಟು, ಹೊರಗೂ ಅಂಟು. ಡಾಕ್ಟರು ಹೂಂ ಅಂದ ಮೇಲೆ ನಡಿಗೆ, ಆಮೇಲೆ ಸೈಕಲ್ಲು. ಗ್ಯಾಸ್ ಸಿಲಿಂಡರ್ ಎತ್ತುವ ಕೆಲಸ ಮಾತ್ರ ಹರ್ನಿಯಾದ ಭಯದಿಂದ ಮಗನಿಗೆ ಹೋಯಿತು, ಅದಕ್ಕೆ ನನಗೇನೂ ಬೇಸರವಿಲ್ಲ. ಉಡುದಾರ ಮತ್ತೆ ಕಟ್ಟಿದ್ದೇನೆ, ಸ್ವಲ್ಪ ಕೆಳಗೆ.

ಈಗ ನಾನೂ ನೋರ್ಮಾ ಗಿಲ್ಲಳ ಸಂತತಿ. ನನ್ನ ಹೊಟ್ಟೆಗೆ ಚುಕ್ಕೆ ಇಟ್ಟ ಆ ನರ್ಸ್ ನನ್ನ ನಂಬರನ್ನು ಹೊಸಬರಿಗೆ ಕೊಡುತ್ತಾರೆ. ಮೊನ್ನೆ ಯಲಹಂಕದಿಂದ ಒಬ್ಬ ಹುಡುಗ ಫೋನ್ ಮಾಡಿದ. ಅಪ್ಪನಿಗೆ ಆಪರೇಷನ್ ಆಗಿದೆ, ಕೋಣೆ ಬಿಟ್ಟು ಬರುತ್ತಿಲ್ಲ. ಚರ್ಮ ಚೆನ್ನಾಗಿ ಒಣಗಿಸಿ, ಫ್ಲೇಂಜಿನ ತೂತನ್ನು ಸ್ಟೋಮಾಕ್ಕಿಂತ ಕೂದಲೆಳೆ ದೊಡ್ಡದಾಗಿ ಕತ್ತರಿಸಿ, ಅಂಟಿಸಿದ ಮೇಲೆ ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಮೈಶಾಖಕ್ಕೇ ಅಂಟು ಕಚ್ಚುತ್ತದೆ, ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಿ ಎಂದೆಲ್ಲ ಹೇಳಿದೆ. ಹುಡುಗ ಬರೆದುಕೊಂಡ. ಹಿಂದಿನಿಂದ ಮುದುಕರ ದನಿ ಕೇಳಿತು: "ಅವರೇಕಾಳು ತಿನ್ನಬೋದಾ ಕೇಳೋ." ಧಾರಾಳವಾಗಿ ತಿನ್ನಲಿ, ಮದುವೆಮನೆಗೆ ಹೋಗುವ ಹಿಂದಿನ ದಿನವೊಂದು ಬಿಟ್ಟು, ಎಂದೆ. ಫೋನಿನಲ್ಲಿ ಗುಸುಗುಸು ನಡೆದು ಉತ್ತರ ಬಂತು: "ಅಂಕಲ್, ಮದುವೆ ಬರೋ ವಾರ ಅಂತೆ. ಹೋಗ್ತಾರಂತೆ."