ನೀಲಿ ಗುಮ್ಮಟದ ಊರು, ಖಾಲಿ ಬಿಟ್ಟ ಆರನೆಯ ಗೂಡು

ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ ಕಾರಿನಲ್ಲಿ ಹೋಗುವವರು ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡನ್ನು ಹಾದು ಹೋಗುವುದುಂಟು. ಹೆದ್ದಾರಿಯ ಮಗ್ಗುಲಲ್ಲೇ, ನದಿಗೆ ಸಮೀಪ, ಈರುಳ್ಳಿಯಾಕಾರದ ನೀಲಿ ಗುಮ್ಮಟವೊಂದು ಕಾಣುತ್ತದೆ. ಅದರ ಮೈಮೇಲೆ ಹೊನ್ನಿನ ಬಣ್ಣದ ನಕ್ಷತ್ರಗಳು. ತುದಿಯಲ್ಲಿ ಹಿಂಗಾಲ ಮೇಲೆ ನಿಂತ ಕುದುರೆಮರಿ. ಮಗನ ಮನೆಗೆಂದು ಮೊದಲ ಸಲ ಅಮೆರಿಕಕ್ಕೆ ಬಂದ ನಮ್ಮ ಕಡೆಯ ಹಿರಿಯರು ಅದನ್ನು ರಷ್ಯದ ಚರ್ಚೆಂದು ತಿಳಿದರೆ ತಪ್ಪೇನಿಲ್ಲ. ಅದು ಕೋಲ್ಟ್ ಕಂಪನಿಯ ಹಳೆಯ ರಿವಾಲ್ವರ್ ಕಾರ್ಖಾನೆ. ಇಂಗ್ಲಿಷಿನಲ್ಲಿ ಕೋಲ್ಟ್ ಎಂದರೆ ಕುದುರೆಮರಿ. ಬಂದೂಕಿನಲ್ಲಿ ಸುತ್ತಿಗೆಯಂತೆ ಬಡಿಯುವ ಭಾಗಕ್ಕೆ ಕನ್ನಡದಲ್ಲಿಯೂ ಕುದುರೆ ಎಂಬ ಹೆಸರಿರುವುದು ಒಂದು ಕಾಕತಾಳೀಯ.

ಸ್ಯಾಮ್ಯುಯೆಲ್ ಕೋಲ್ಟ್ 1814ರಲ್ಲಿ ಇದೇ ಊರಿನಲ್ಲಿ ಹುಟ್ಟಿದ. 1830ರಲ್ಲಿ, ಹದಿನಾರರ ಹುಡುಗನಾಗಿದ್ದಾಗ, ಹಡಗಿನಲ್ಲಿ ಕೆಲಸಕ್ಕೆ ಸೇರಿ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟ. ಹಡಗಿನ ಚಕ್ರ ತಿರುಗಿ ನಿಲ್ಲುವ ರೀತಿಯನ್ನು ನೋಡಿ ತಿರುಗುವ ಉರುಳೆಯ ಪಿಸ್ತೂಲು ಅವನಿಗೆ ಹೊಳೆಯಿತೆಂದೂ, ಮರದಲ್ಲಿ ಅದರ ಮಾದರಿ ಕೆತ್ತಿದನೆಂದೂ ಹೇಳುತ್ತಾರೆ. ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ನದಿಯ ನೆರೆಗೆ ಒಡ್ಡು ಕಟ್ಟಿಸಿ ಈ ಕಾರ್ಖಾನೆ ಎಬ್ಬಿಸಿದ್ದು 1855ರಲ್ಲಿ. 1862ರಲ್ಲಿ ಕೋಲ್ಟ್ ತೀರಿಕೊಂಡ; 1864ರಲ್ಲಿ ಕಾರ್ಖಾನೆ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಿಸಿದವಳು ಅವನ ಹೆಂಡತಿ ಎಲಿಜಬೆತ್. ತಯಾರಿಕೆ 1994ರಲ್ಲಿ ನೆರೆಯ ವೆಸ್ಟ್ ಹಾರ್ಟ್‌ಫರ್ಡಿಗೆ ಹೋಯಿತು. ಕೋಲ್ಟ್ಸ್‌ವಿಲ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಅಮೆರಿಕದ ಸಂಸತ್ತು 2014ರಲ್ಲಿ ಒಪ್ಪಿಗೆ ಕೊಟ್ಟಿತು. ಒಂದು ಕಾಲಕ್ಕೆ ಯಂತ್ರಗಳ ಸದ್ದು ತುಂಬಿದ್ದ ಅಂತಸ್ತುಗಳಲ್ಲಿ ಈಗ ಜನ ಸಂಸಾರ ಹೂಡಿದ್ದಾರೆ.

ಈ ಊರಿನ ಸರಕು ಅಮೆರಿಕದ ಸೊಂಟಪಟ್ಟಿಗಳಿಗೆ ಒಂದು ಪ್ರಶ್ನೆಯನ್ನೂ ಕಟ್ಟಿಕೊಟ್ಟಿತು. ಒಯ್ಯುವ ಪಿಸ್ತೂಲಿನಲ್ಲಿ ಗುಂಡು ಹಾರುವ ಗೂಡಿನೊಳಗೇ ತೋಟಾ ಇರಬೇಕೇ, ಆ ಗೂಡು ಖಾಲಿ ಇರಬೇಕೇ? ಉಡುಪಿನೊಳಗೆ ಪಿಸ್ತೂಲು ಅಡಗಿಸಿಕೊಂಡು ತಿರುಗಲು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಪರವಾನಗಿಯೂ ಬೇಡ. ಹಾಗಾಗಿ ಅಲ್ಲಿ ಇದು ದಿನಬಳಕೆಯ ಪ್ರಶ್ನೆ.

1873ರ ಕೋಲ್ಟ್ ರಿವಾಲ್ವರಿಗೆ ‘ಪೀಸ್‌ಮೇಕರ್’ ಎಂಬ ಅಡ್ಡಹೆಸರು. ಅಂದರೆ ಶಾಂತಿ ತರುವವನು! ಅದರ ಉರುಳೆಯಲ್ಲಿ ಆರು ಗೂಡುಗಳು. ಕುದುರೆಯ ಮುಖದಲ್ಲೇ ಒಂದು ಮೊಳೆ. ಕುದುರೆ ಇಳಿದಾಗ ಆ ಮೊಳೆ ನೇರ ತೋಟಾದ ಬೆನ್ನಿಗೆ ತಾಗಿ ಕೂರುತ್ತದೆ. ಅಲ್ಲಿರುವ ಸೂಕ್ಷ್ಮ ಸ್ಫೋಟಕಕ್ಕೆ ಬೇಕಾದದ್ದು ಒಂದು ಪೆಟ್ಟು ಮಾತ್ರ. ಅದು ಬೆರಳಿನಿಂದ ಬಂತೋ ನೆಲಕ್ಕೆ ಬಿದ್ದು ಬಂತೋ ಎಂದು ಅದು ವಿಚಾರಿಸುವುದಿಲ್ಲ. ಕುದುರೆಯನ್ನು ತುಸು ಹಿಂದೆ ತಡೆಯುವ ಕಚ್ಚು ಇತ್ತಾದರೂ ಜೋರಾಗಿ ಬಿದ್ದರೆ ಅದೇ ಮುರಿಯುತ್ತಿತ್ತು. ತಿಳಿದವರು ಐದು ತೋಟಾ ತುಂಬಿ ಆರನೆಯ ಗೂಡನ್ನು ಖಾಲಿ ಬಿಟ್ಟು, ಅದರ ಮೇಲೆ ಕುದುರೆ ಇಳಿಸುತ್ತಿದ್ದರು.

ಎಲ್ಲರೂ ಹಾಗೆ ಮಾಡುತ್ತಿರಲಿಲ್ಲ. 1876ರ ಜನವರಿಯಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಪೊಲೀಸ್ ಕೆಲಸದಲ್ಲಿದ್ದ ವಯಾಟ್ ಅರ್ಪ್ ಕುರ್ಚಿಯಲ್ಲಿ ಕೂತಿದ್ದಾಗ ರಿವಾಲ್ವರ್ ಒರೆಯಿಂದ ಜಾರಿ, ಕುದುರೆ ಕುರ್ಚಿಗೆ ಬಡಿದು ಗುಂಡು ಹಾರಿತು. ಅದು ಅವನ ಕೋಟನ್ನೇ ತೂತು ಮಾಡಿತೆಂದು ಊರಿನ ಪತ್ರಿಕೆ ಬರೆಯಿತು. ಮುಂದೆ ಗುರಿಕಾರನೆಂದು ಜಗತ್ತಿಗೆಲ್ಲ ಹೆಸರಾದವನ ಕಥೆ ಇದು!

ಈ ದೋಷಕ್ಕೆ ಮದ್ದೂ ಇದೇ ರಾಜ್ಯದಲ್ಲಿ ಅರೆಯಲ್ಪಟ್ಟಿತು. ಸೌತ್‌ಪೋರ್ಟಿನ ರೂಗರ್ ಕಂಪನಿ 1973ರಲ್ಲಿ ಕುದುರೆಗೂ ಮೊಳೆಗೂ ನಡುವೆ ಏಳುವ ಒಂದು ಉಕ್ಕಿನ ಪಟ್ಟಿಯನ್ನು ತನ್ನ ರಿವಾಲ್ವರುಗಳಿಗೆ ಅಳವಡಿಸಿತು. ಟ್ರಿಗರ್ ಎಳೆದರೆ ಮಾತ್ರ ಪಟ್ಟಿ ಮೇಲೆದ್ದು ಪೆಟ್ಟನ್ನು ದಾಟಿಸುತ್ತದೆ. ಇಲ್ಲವಾದರೆ ಕುದುರೆಯ ಪೆಟ್ಟು ಮೊಳೆಯನ್ನು ಮುಟ್ಟುವುದೇ ಇಲ್ಲ. ಆರನೆಯ ಗೂಡನ್ನೂ ತುಂಬಬಹುದಾಯಿತು.

ಹಿಡಿಯೊಳಗೆ ತೋಟಾಗಳ ಮ್ಯಾಗಜಿನ್ ಇರುವ ಪಿಸ್ತೂಲುಗಳ ಕಥೆ ಬೇರೆ. ಜಾನ್ ಬ್ರೌನಿಂಗ್ ರೂಪಿಸಿ ಕೋಲ್ಟ್ ತಯಾರಿಸಿದ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡಿತು. ಬೇಗ ಬಳಸಬೇಕಾಗಿ ಬರದಿದ್ದರೆ ಗೂಡು ಖಾಲಿ ಇರಲಿ, ಬಳಸುವ ಸಂಭವವಿದ್ದರೆ ತುಂಬಿ, ಕುದುರೆ ಏರಿಸಿ, ತಡೆ ಹಾಕಿರಲಿ ಎಂಬುದು ಆ ಕಾಲದ ಸೇನಾ ಕೈಪಿಡಿಯ ಸೂಚನೆ. ಯುದ್ಧಭೂಮಿಯವರೇ ಎರಡು ಉತ್ತರ ಇಟ್ಟುಕೊಂಡಿದ್ದರು.

ಗೂಡು ತುಂಬಿರಲಿ ಎನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಖಾಲಿ ಗೂಡಿಗೆ ತೋಟಾ ಏರಿಸಲು ಮೇಲಿನ ಉಕ್ಕಿನ ಸ್ಲೈಡನ್ನು ಹಿಂದಕ್ಕೆ ಎಳೆದು ಬಿಡಬೇಕು. ಅದಕ್ಕೆ ಸಾಮಾನ್ಯವಾಗಿ ಎರಡು ಕೈ ಬೇಕು. ಮೈಮೇಲೆ ಬಿದ್ದವನನ್ನು ಒಂದು ಕೈಯಲ್ಲಿ ತಡೆಯುತ್ತಿರುವವನಿಗೆ ಇನ್ನೊಂದು ಕೈ ಎಲ್ಲಿಂದ ಬರಬೇಕು? ಈಗಿನ ಒಳ್ಳೆಯ ಪಿಸ್ತೂಲುಗಳಲ್ಲಿ ಮೊಳೆಗೆ ಒಳಗೇ ತಡೆಯಿರುವುದರಿಂದ ಬಿದ್ದ ಮಾತ್ರಕ್ಕೆ ಗುಂಡು ಹಾರದಂತೆ ಅವನ್ನು ಮಾಡಿರುತ್ತಾರೆ.

ಆದರೆ ಯಂತ್ರ ತಡೆಯುವುದು ಬೀಳುವ ಪೆಟ್ಟನ್ನು, ಎಳೆಯುವ ಬೆರಳನ್ನಲ್ಲ. ಬಹಳಷ್ಟು ಪಿಸ್ತೂಲುಗಳ ಟ್ರಿಗರಿಗೆ ಎರಡೂವರೆ ಕಿಲೊ ತೂಕದಷ್ಟು ಎಳೆತ ಸಾಕು. ಪುಟ್ಟ ಮಗು ಎರಡೂ ಕೈ ಹಚ್ಚಿದರೆ ಅಷ್ಟು ಬಲ ಬರುತ್ತದೆ. 2014ರ ಡಿಸೆಂಬರಿನಲ್ಲಿ ಐಡಾಹೊ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲಕ್ಕೆ ಕೈಹಾಕಿತು; ಒಳಗಿದ್ದ ಪಿಸ್ತೂಲಿನ ಗುಂಡಿಗೆ ತಾಯಿ ಅಲ್ಲೇ ಬಲಿಯಾದಳು. ಗೂಡು ಖಾಲಿ ಇದ್ದಿದ್ದರೆ ಸ್ಲೈಡನ್ನು ಎಳೆಯಲು ಅಷ್ಟು ಎಳೆಯ ಕೈಗೆ ಆಗುತ್ತಿರಲಿಲ್ಲ. ಮಕ್ಕಳು ಸುತ್ತ ಇರುವಲ್ಲಿ ಖಾಲಿ ಗೂಡಿನ ವಾದವೇ ಹೆಚ್ಚು ತೂಕದ್ದು. ಆದರೂ ಅದು ಪೂರ್ಣ ರಕ್ಷಣೆಯಲ್ಲ. ಹತ್ತು ಹನ್ನೆರಡರ ಹುಡುಗ ಸ್ಲೈಡನ್ನು ಎಳೆದಾನು.

ವಿದ್ಯಾರ್ಥಿಗಳು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಮ್ಯಾಗಜಿನ್ ಹೊರಗೆಳೆದರೆ ಪಿಸ್ತೂಲು ಖಾಲಿಯಾಯಿತೆಂದು ಅನೇಕರ ನಂಬಿಕೆ. ಗೂಡಿಗೆ ಆಗಲೇ ಏರಿದ ಒಂದು ತೋಟಾ ಅಲ್ಲೇ ಉಳಿದಿರುತ್ತದೆ. ಖಾಲಿ ಎಂದುಕೊಂಡ ಬಂದೂಕಿನಿಂದ ಸತ್ತವರು ಕಡಿಮೆಯಿಲ್ಲ.

ಕಾರ್ಖಾನೆಗೆ ಸಮೀಪದಲ್ಲೇ 1869ರ ಒಂದು ಚರ್ಚಿದೆ. ಗಂಡನ ಮತ್ತು ಎಳವೆಯಲ್ಲೇ ಕಳೆದುಕೊಂಡ ಮಕ್ಕಳ ನೆನಪಿಗೆ ಎಲಿಜಬೆತ್ ಕಟ್ಟಿಸಿದ್ದು. ಅದರ ಒಂದು ಮುಖಮಂಟಪದ ಕಲ್ಲಿನಲ್ಲಿ, ಹೂಬಳ್ಳಿ ಇರಬೇಕಾದ ಕಡೆ, ರಿವಾಲ್ವರಿನ ಬಿಡಿಭಾಗಗಳನ್ನೇ ಕೆತ್ತಿದ್ದಾರೆ. ಹೋದವರು ಅದನ್ನು ನೋಡದೆ ಬರಬಾರದು.

ಅದೇ ಕನೆಕ್ಟಿಕಟ್ 2019ರಲ್ಲಿ ಕಾನೂನನ್ನು ಬಿಗಿಗೊಳಿಸಿತು: ಅಪ್ರಾಪ್ತರ ಕೈಗೆ ಸಿಗಬಹುದಾದ ಮನೆಯಲ್ಲಿ ಬಂದೂಕಿನೊಳಗೆ ತೋಟಾ ಇರಲಿ, ಇಲ್ಲದಿರಲಿ, ಅದು ಭದ್ರವಾಗಿರಬೇಕು. ಅಮೆರಿಕದ ಮಕ್ಕಳ ವೈದ್ಯರು ತಂದೆತಾಯಿಯರಿಗೆ ಕೊಡುವ ಸಲಹೆಯೂ ಒಂದಿದೆ. ಮಗುವನ್ನು ಬೇರೆಯವರ ಮನೆಗೆ ಆಡಲು ಕಳಿಸುವ ಮುನ್ನ ಅಲ್ಲಿ ಬಂದೂಕಿದೆಯೇ, ಬೀಗದಲ್ಲಿದೆಯೇ ಎಂದು ಕೇಳಿ ಎನ್ನುತ್ತಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿಗೆ ಹೋಗುವ ಅಜ್ಜ ಅಜ್ಜಿಯರು ಸಂಕೋಚವಿಲ್ಲದೆ ಹಾಗೆ ಕೇಳಬಹುದು; ಅಲ್ಲಿ ಅದನ್ನು ಯಾರೂ ಅಧಿಕಪ್ರಸಂಗವೆಂದು ತಿಳಿಯಬೇಕಾದ್ದಿಲ್ಲ.